ಸಾಹೇಬರ ಪಾಲಿನ ಮೈಸೂರು ಪಾಕು

ವೆಂಕಟಸುಬ್ಬಯ್ಯನವರಿಗೆ ದಾದರಿನ ಪಂಪು ಕಂಪನಿಯೊಂದರ ಆಫೀಸಿನಲ್ಲಿ ಕೆಲಸ. ಕೆಲಸವೆಂದರೆ ಕಾಯುವುದು. ಹೊರದೇಶದಿಂದ ಒಂದು ಬೇರಿಂಗ್ ತರಿಸಬೇಕಾದರೂ ಸರ್ಕಾರದ ಲೈಸೆನ್ಸಿಗೆ ಕಾಯಬೇಕಾಗಿದ್ದ ಕಾಲ. ಎಂಬತ್ತರ ದಶಕವಿಡೀ ಅವರು ಮಾಟುಂಗದಲ್ಲಿ ಮೈಸೂರು ಪಾಕಿನ ಡಬ್ಬಿ ಕಟ್ಟಿಸಿಕೊಂಡು, ಲೈಸೆನ್ಸ್ ಕೊಡುವ ಸಾಹೇಬರೆದುರು ಕೈಕಟ್ಟಿ ನಿಂತರು. ಕುರ್ಚಿ ಖಾಲಿಯಿದ್ದರೂ ಕೂರಿ ಎಂದವರಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ಪೂಜಾರಿಗೇ ನೈವೇದ್ಯ. ಬೊರಿವಲಿಯ ಅವರ ಮನೆಗೆ ಮಾತ್ರ ಆ ಡಬ್ಬಿ ಒಮ್ಮೆಯೂ ಬರಲಿಲ್ಲ. ಹೆಂಡತಿ ವನಮಾಲಾ ಕೇಳಿದರೆ, "ಅದು ಕಂಪನಿದು ಕಣೇ" ಎನ್ನುತ್ತಿದ್ದರು. ಪ್ರಾಮಾಣಿಕತೆಗೂ ಒಂದು ಮಿತಿ ಬೇಡವೇ?

೧೯೯೨ರ ಬೇಸಿಗೆಯಲ್ಲಿ ಸರ್ಕಾರ ಇಂಥ ಬಿಡಿಭಾಗಗಳಿಗೆ ಲೈಸೆನ್ಸೇ ಬೇಡವೆಂದಿತು. ಆಫೀಸಿನವರೆಲ್ಲ ಹಿಗ್ಗಿದರು. ಸುಬ್ಬಯ್ಯನವರಿಗೆ ಮಾತ್ರ ಚಿಂತೆ ಹತ್ತಿತು. ಕಾಯುವುದೇ ಇಲ್ಲದ ಮೇಲೆ ಕಾಯುವವನಿಗೆ ಸಂಬಳ ಯಾರು ಕೊಡುತ್ತಾರೆ? ಐವತ್ತು ದಾಟಿದವನನ್ನು ಬೇರೆ ಯಾರು ಕರೆಯುತ್ತಾರೆ?

ಹಿಂದೆ ಹಾಕಿದ್ದ ಅರ್ಜಿಯೊಂದು ಬಾಕಿಯಿತ್ತು. ಅದರ ಗತಿ ಕೇಳಲು ಮರುದಿನ ಹೊರಟರು. ಹಳೇ ಚಾಳಿ, ಡಬ್ಬಿಯನ್ನೂ ಕಟ್ಟಿಸಿಕೊಂಡರು. ಲೈಸೆನ್ಸ್ ಆಫೀಸಿನಲ್ಲಿ ಸಾಹೇಬರನ್ನು ಬಿಟ್ಟರೆ ನರಪಿಳ್ಳೆಯಿಲ್ಲ. ಸಾಹೇಬರು ತಾವಾಗಿಯೇ ತಲೆಯೆತ್ತಿ, "ಆಯಿಯೇ ಸುಬ್ಬಯ್ಯಜೀ, ಬೈಠಿಯೇ" ಎಂದರು. ಸುಬ್ಬಯ್ಯನವರು ಹಿಂದೆ ಬೇರೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿ, ಆಮೇಲೆ ಕುರ್ಚಿಯ ಅಂಚಿನಲ್ಲಿ ಕೂತರು. ಅರ್ಜಿಯ ಅಗತ್ಯವಿಲ್ಲ, ಮಾಲು ನೇರ ತರಿಸಿಕೊಳ್ಳಿ ಎಂದ ಸಾಹೇಬರು ಚಹಾ ಬೇರೆ ಕುಡಿಸಿದರು. ಆ ಗಡಿಬಿಡಿಯಲ್ಲಿ ಡಬ್ಬಿ ಕೊಡುವುದೇ ಮರೆತುಹೋಯಿತು.

ದಾದರಿಗೆ ಮರಳಿದರೆ ಕಂಪನಿಯ ಮಾಲೀಕ ಸೇಠ್ ಕರೆಸಿದರು. ಮುಗಿಯಿತು ಕಥೆ ಎಂದುಕೊಂಡೇ ಸುಬ್ಬಯ್ಯನವರು ಒಳಗೆ ಹೋದರು. ಯಾವ ದೇಶದಲ್ಲಿ ಯಾರು ಏನು ಮಾರುತ್ತಾರೆಂದು ಅರ್ಜಿ ಬರೆದೂ ಬರೆದೂ ನಿಮಗೇ ಗೊತ್ತು, ಇನ್ನು ಮುಂದೆ ಖರೀದಿ ನೀವೇ ನೋಡಿಕೊಳ್ಳಿ ಎಂದರು ಸೇಠ್. ಹೊರಬಂದ ಸುಬ್ಬಯ್ಯನವರಿಗೆ ಸದ್ಯ, ಬದುಕಿದೆ ಎನಿಸಿತು.

ಮನೆಯಲ್ಲಿ ಡಬ್ಬಿ ಕಂಡು ವನಮಾಲಾಗೆ ಗಾಬರಿ. "ಏನ್ರೀ ಇದು, ಸಾಹೇಬ್ರು ವಾಪಸ್ ಕೊಟ್ರಾ? ಕೆಲಸ ಹೋಯ್ತಾ?"

"ಕೆಲಸ ಇದೆ ಕಣೇ. ಕೈಕಟ್ಟಿ ನಿಲ್ಲೋದು ತಪ್ಪಿತು. ಡಬ್ಬಿ ಮನೆಗೇ ತಗೊಂಡ್ಹೋಗಿ ಅಂದ್ರು ಸೇಠ್. ತಗೋ, ತಿನ್ನು."

ಇಬ್ಬರೂ ಒಂದೊಂದು ತುಂಡು ಬಾಯಿಗಿಟ್ಟರು. ವನಮಾಲಾ ಕಣ್ಣರಳಿಸಿದರು. "ಇಷ್ಟು ಚೆನ್ನಾಗಿರೋದನ್ನ ಇಷ್ಟು ವರ್ಷ ಅವರಿಗೆ ತಿನ್ನಿಸಿದ್ರಾ?"

"ನಂಗೇನು ಗೊತ್ತು?" ಎಂದರು ಸುಬ್ಬಯ್ಯನವರು. "ನಾನೂ ಇವತ್ತೇ ತಿಂತಿರೋದು."