ಎರಡನೇ ಪ್ರಶ್ನೆಗೆ ದಾರಿ ಹಾಕುವ ಫೋನಕ್ಕ

ಬೆಳಗಿನ ಆರೂಕಾಲು. ಮನೆ ರಿಪೇರಿ ಸೇವೆಯ ಕಚೇರಿಗೆ ಕಸ ಗುಡಿಸುವವರೂ ಇನ್ನೂ ಬಂದಿಲ್ಲ. ಎಲ್ಲರ ಬಾಯಲ್ಲಿ ‘ಫೋನಕ್ಕ’ ಆಗಿಹೋಗಿರುವ ಐವತ್ತೆರಡರ ಈ ಮಹಿಳೆ ಮಾತ್ರ ಕಂಪ್ಯೂಟರಿಗೆ ಮೂಗು ತಾಗುವಷ್ಟು ಹತ್ತಿರ ಕೂತಿದ್ದಾರೆ. “ಸ್ವಲ್ಪ ಕೂತ್ಕೊಳ್ಳಿ, ನಮ್ಮಣ್ಣನ ಪುಟಕ್ಕೆ ಎಷ್ಟು ಜನ ಬಂದ್ರು ನೋಡ್ಬಿಡ್ತೀನಿ” ಎನ್ನುತ್ತಾರೆ. ಹನ್ನೊಂದು ಜನ. ಇವರ ಬಗ್ಗೆ ಪತ್ರಿಕೆಗೆ ಬರೆಯಲೆಂದು ಬಂದ ನನಗೂ ತಡೆಯಲಾಗದೆ ಕುರ್ಚಿ ಎಳೆದುಕೊಂಡು ಇಣುಕುತ್ತೇನೆ.

ಹತ್ತೊಂಬತ್ತು ವರ್ಷದಿಂದ ಇಲ್ಲಿ ಫೋನ್ ಎತ್ತುವವರು ಇವರು. ಎರಡು ವರ್ಷದಿಂದ ಸಂಸ್ಥೆಯ ವೆಬ್‌ಸೈಟಿನಲ್ಲಿ ಒಂದು ಪುಟದಿಂದ ಇನ್ನೊಂದಕ್ಕೆ ಲಿಂಕ್ ಕೊಡುವುದೂ ಇವರ ಕೆಲಸವೇ. ಒಟ್ಟು ನೂರಾ ಹದಿನಾಲ್ಕು ಪುಟ. ಇದಕ್ಕೆ ದೊಡ್ಡ ಶಾಸ್ತ್ರವೇ ಇದೆಯಂತೆ. ಫೋನಕ್ಕನ ಶಾಸ್ತ್ರವೆಲ್ಲ ಒಂದು ಗೀಟಿನ ನೋಟ್‌ಬುಕ್ಕಿನಲ್ಲಿದೆ. ಅದರಲ್ಲಿ ಗ್ರಾಹಕರ ಎರಡನೇ ಪ್ರಶ್ನೆಯನ್ನಷ್ಟೇ ಬರೆದಿಡುತ್ತಾರೆ.

“ಮೊದಲನೇ ಪ್ರಶ್ನೆ ಎಲ್ಲರದ್ದೂ ಒಂದೇ, ಯಾವಾಗ ಬರ್ತೀರಿ ಅಂತ. ಆಮೇಲೆ ಕೇಳ್ತಾರಲ್ಲ, ಅಲ್ಲಿದೆ ವಿಷಯ. ನಲ್ಲಿ ರಿಪೇರಿಗೆ ಅಂತ ಫೋನ್ ಮಾಡಿದವರು, ಗೋಡೆ ಯಾಕೆ ಒದ್ದೆಯಾಗಿದೆ ಅಂತಾರೆ. ಹಾಗಾದ್ರೆ ನಲ್ಲಿ ಪುಟದಿಂದ ಗೋಡೆ ಪುಟಕ್ಕೆ ದಾರಿ ಇರ್ಬೇಕು, ಅಷ್ಟೆ.”

ಶುರುವಿನಲ್ಲಿ ಹುಮ್ಮಸ್ಸು ಹೆಚ್ಚಾಗಿ ಕಂಡಕಂಡ ಪದಕ್ಕೆಲ್ಲ ಲಿಂಕ್ ಹಾಕಿಬಿಟ್ಟಿದ್ದರು. ಒಂದೇ ಪುಟದಲ್ಲಿ ನಲವತ್ತೇಳು. “ಒಬ್ಬರು ರಿಟೈರ್ಡ್ ಮೇಷ್ಟ್ರು ಫೋನ್ ಮಾಡಿ, ‘ತಾಯಿ, ನಲ್ಲಿ ಬಗ್ಗೆ ಓದ್ತಾ ಇದ್ದೋನು ಚರಂಡಿಗೆ ಬಿದ್ದೆ, ಮೇಲೆ ಬರೋಕೆ ದಾರಿ ಕಾಣ್ತಿಲ್ಲ’ ಅಂದ್ರು.” ಈಗ ಪುಟಕ್ಕೆ ನಾಲ್ಕೇ ಲಿಂಕ್, ಅದೂ ಗ್ರಾಹಕರ ಬಾಯಿಂದ ಬಂದ ಮಾತಿನಲ್ಲೇ. ‘ಇಲ್ಲಿ ಒತ್ತಿ’ ಎಂದು ಬರೆದರೆ ಫೋನಕ್ಕನಿಗೆ ಮೈಯೆಲ್ಲ ಉರಿಯುತ್ತದೆ.

ಇವರ ಒಡಹುಟ್ಟಿದ ಅಣ್ಣನೂ ಇಲ್ಲೇ ಕೆಲಸಗಾರ. ನೆಲಕ್ಕೆ ಕಬ್ಬಿಣದ ಕೋಲು ಊರಿ, ಅದಕ್ಕೆ ಕಿವಿಗೊಟ್ಟು, ಅಡಿಯಲ್ಲಿ ಪೈಪು ಎಲ್ಲಿ ಸೋರುತ್ತಿದೆ ಎಂದು ಹೇಳುವುದರಲ್ಲಿ ಎತ್ತಿದ ಕೈ. ಮೂರು ತಿಂಗಳಿಂದ ಅವರನ್ನು ಕೇಳಿ ಒಂದು ಕರೆಯೂ ಬಂದಿರಲಿಲ್ಲ. ಈ ತಿಂಗಳು ಐದಾದರೂ ಕರೆ ಬರದಿದ್ದರೆ ಆ ಸೇವೆಯನ್ನೇ ನಿಲ್ಲಿಸುವುದಾಗಿ ಮಾಲೀಕರು ಹೇಳಿಬಿಟ್ಟರು. ಫೋನಕ್ಕ ಹುಡುಕಿ ನೋಡಿದರೆ, ಅಣ್ಣನ ಪುಟಕ್ಕೆ ಎಲ್ಲಿಂದಲೂ ದಾರಿಯೇ ಇಲ್ಲ.

“ತಪ್ಪು ನಂದೇ. ಮನೆಯವರನ್ನ ಮುಂದೆ ತಳ್ತಾಳೆ ಅಂತ ಯಾರಾದ್ರೂ ಆಡ್ಕೊಂಡಾರು ಅಂತ ಆ ಪುಟ ಮುಟ್ಟಿರ್ಲೇ ಇಲ್ಲ. ನೋಟ್‌ಬುಕ್ ತೆಗೆದು ನೋಡಿದ್ರೆ, ನಲ್ಲಿ ಮುಚ್ಚಿದ್ರೂ ನೀರಿನ ಮೀಟರ್ ಯಾಕೆ ತಿರುಗುತ್ತೆ ಅಂತ ಮೂವತ್ತೊಂದು ಜನ ಕೇಳಿದ್ದಾರೆ. ನೆಲದಡಿ ಪೈಪು ಸೋರ್ತಿದ್ರೇನೇ ಹಾಗಾಗೋದು.”

ಅವತ್ತೇ ಮೂರು ಪುಟಗಳಿಂದ ಲಿಂಕ್ ಹಾಕಿದರು: ‘ನಲ್ಲಿ ಮುಚ್ಚಿದ್ದರೂ ಮೀಟರ್ ತಿರುಗುತ್ತಿದೆಯೇ?’ ಆಮೇಲೆ ನಾಲ್ಕು ಕರೆ ಬಂದಿವೆ. ತಿಂಗಳು ಮುಗಿಯಲು ಎರಡೇ ದಿನ ಬಾಕಿ.

ಆರೂ ಮುಕ್ಕಾಲಿಗೆ ಫೋನ್ ರಿಂಗಾಗುತ್ತದೆ. “ಹೌದು, ಹೇಳಿ... ನಲ್ಲಿ ಮುಚ್ಚಿದ್ರೂ ತಿರುಗ್ತಾನೇ ಇದೆಯಾ?” ಫೋನಕ್ಕ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿಯುತ್ತಾರೆ. ಆಮೇಲೆ ಕೈ ಬಿಟ್ಟು ವಿಳಾಸ ಬರೆದುಕೊಳ್ಳುತ್ತಾರೆ. ನಾನೂ ಮನಸ್ಸಿನಲ್ಲೇ ಐದು ಎಂದು ಎಣಿಸಿಬಿಟ್ಟಿದ್ದೇನೆ, ಸುಳ್ಳೇಕೆ ಹೇಳಲಿ.

ಮರುಕ್ಷಣ ಮನೆಗೆ ಫೋನ್. “ಅಣ್ಣಾ, ಏಳು. ಹತ್ತು ಗಂಟೆಗೆ ಒಂದು ಮನೆಗೆ ಹೋಗ್ಬೇಕು. ಐದನೇದು.” ಆ ಕಡೆಯಿಂದ ಬಂದ ಮಾತು ಕೇಳಿ ತುಟಿ ಕಚ್ಚಿ ನಗುತ್ತಾ ರಿಸೀವರ್ ಇಡುತ್ತಾರೆ.

ಅಣ್ಣ ಏನಂದರು ಎಂದು ಕೇಳುತ್ತೇನೆ.

“‘ನೋಡಿದ್ಯಾ, ಜನ ನನ್ನನ್ನ ಮರೆತಿಲ್ಲ’ ಅಂತಾನೆ. ಲಿಂಕ್ ಹಾಕಿದ್ದು ಅವನಿಗೆ ಗೊತ್ತಿಲ್ಲ, ನೀವು ಬರೆದ್ರೂ ಅವನು ಪೇಪರ್ ಓದಲ್ಲ. ಹಾಗೇ ಅಂದ್ಕೊಂಡಿರ್ಲಿ ಬಿಡಿ.”