ಜ್ಞಾನಮ್ಮನ ಜ್ಞಾನಸ್ನಾನ

ತಪ್ಪೊಪ್ಪಿಗೆಯಿಂದಲೇ ಶುರುಮಾಡುತ್ತೇನೆ, ನಮ್ಮವರಿಗೆ ಅದು ಅಭ್ಯಾಸವಾದ ದಾರಿ. ಸ್ವರ್ಗಕ್ಕೆ ಹೋಗಲು ಏನೇನು ಬೇಕು ಎಂಬುದನ್ನು ಇಪ್ಪತ್ತೆಂಟು ವರ್ಷ ಮಾಲೂರಿನ ಮಕ್ಕಳಿಗೆ ಕಲಿಸಿದವಳು ನಾನು. ವಾರದ ಆರು ದಿನ ಶಾಲೆಯಲ್ಲಿ ಕನ್ನಡ ವ್ಯಾಕರಣ, ಏಳನೆಯ ದಿನ ಚರ್ಚಿನ ಹಿಂದಿನ ಕೋಣೆಯಲ್ಲಿ ಧರ್ಮೋಪದೇಶ. ಎರಡರಲ್ಲೂ ನನ್ನ ಕ್ರಮ ಒಂದೇ, ಬಾಯಿಪಾಠ. "ರಕ್ಷಣೆ ಹೊಂದಲು ಏನು ಬೇಕು?" ಎಂದು ಕೇಳಿದರೆ ಮಕ್ಕಳು ಒಂದೇ ಉಸಿರಿಗೆ ದೇವರ ಕೃಪೆ, ಯೇಸುವಿನಲ್ಲಿ ವಿಶ್ವಾಸ, ಪಾಪಕ್ಕೆ ಪಶ್ಚಾತ್ತಾಪ, ಜ್ಞಾನಸ್ನಾನ, ಪ್ರೀತಿಯ ನಡತೆ ಎಂದು ಒಪ್ಪಿಸುತ್ತಿದ್ದರು. ಯಾರಾದರೂ ಜ್ಞಾನಸ್ನಾನವನ್ನು ನುಂಗಿಬಿಟ್ಟರೆ ಅಲ್ಲೇ ತಡೆದು, "ಟಿಕೆಟ್ಟೇ ಇಲ್ಲದೆ ರೈಲು ಹತ್ತುತ್ತೀಯಾ?" ಎನ್ನುತ್ತಿದ್ದೆ. ಅರ್ಧ ಊರು ದಿನಾ ರೈಲಿನಲ್ಲೇ ಕೆಲಸಕ್ಕೆ ಹೋಗುವ ಮಾಲೂರಿನಲ್ಲಿ ಈ ಹೋಲಿಕೆಯನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಅರವತ್ತೆರಡನೆಯ ವಯಸ್ಸಿನಲ್ಲಿ, ಹೋದ ಬೇಸಗೆ, ಟಿಕೆಟ್ಟಿಲ್ಲದೆ ಕೂತವಳು ನಾನೇ ಎಂದು ಗೊತ್ತಾಯಿತು.

ಜ್ಞಾನಸ್ನಾನವೆಂದರೆ ತಲೆಯ ಮೇಲೆ ನೀರು ಸುರಿದು, ತಂದೆ, ಮಗ, ಪವಿತ್ರಾತ್ಮ ಎಂಬ ಮೂರು ಹೆಸರು ಹೇಳಿ ಮನುಷ್ಯನನ್ನು ದೇವರ ಮನೆಗೆ ಸೇರಿಸಿಕೊಳ್ಳುವ ವಿಧಿ. ಈಗಿನವರು ದೀಕ್ಷಾಸ್ನಾನ ಎನ್ನುತ್ತಾರೆ. ನನಗೆ ಹಳೆಯ ಮಾತೇ ಇಷ್ಟ. ನನ್ನ ಹೆಸರು ಜ್ಞಾನಮ್ಮ ಆದ್ದರಿಂದ ಇದರಲ್ಲಿ ಕೊಂಚ ಸ್ವಾರ್ಥವೂ ಇದೆ. ಕ್ಯಾಥೊಲಿಕರಾದ ನಾವು ಇದನ್ನು ಹುಟ್ಟಿದ ಕೆಲವೇ ವಾರಗಳಲ್ಲಿ ಮಾಡಿಸಿಬಿಡುತ್ತೇವೆ. ಮಗುವಿಗೆ ಮಾತು ಬಾರದ ಕಾರಣ ಅದರ ಪರವಾಗಿ "ಹೌದು, ವಿಶ್ವಾಸಿಸುತ್ತೇನೆ" ಎನ್ನಲು ಒಬ್ಬ ಜ್ಞಾನತಾಯಿ ಬೇಕು. ಕೋಲಾರದಲ್ಲಿರುವ ನನ್ನ ಅಣ್ಣನ ಮಗಳು ಸ್ಟೆಲ್ಲಾಗೆ ಹೆಣ್ಣುಮಗು ಹುಟ್ಟಿತು. "ಅತ್ತೆ, ಜ್ಞಾನತಾಯಿ ನೀವೇ ಆಗ್ಬೇಕು" ಎಂದು ಅವಳು ಫೋನು ಮಾಡಿದಾಗ, ಆ ಹುದ್ದೆಗೆ ನನಗಿಂತ ಅರ್ಹರು ಇಡೀ ಜಿಲ್ಲೆಯಲ್ಲಿ ಇಲ್ಲವೆಂಬ ಧಾಟಿಯಲ್ಲಿ ಒಪ್ಪಿಕೊಂಡೆ.

ಅವರ ಚರ್ಚಿಗೆ ಹೊಸದಾಗಿ ಬಂದ ಫಾದರ್ ಇನ್ನೂ ಚಿಕ್ಕ ವಯಸ್ಸಿನವರು, ಕಾಗದಪತ್ರಗಳಲ್ಲಿ ಕಟ್ಟುನಿಟ್ಟು. "ಟೀಚರ್, ಜ್ಞಾನತಾಯಿಯಾಗುವವರ ಜ್ಞಾನಸ್ನಾನದ ಪ್ರಮಾಣಪತ್ರ ಬೇಕು" ಎಂದರು. ಅದಕ್ಕೇನಂತೆ ಎಂದುಕೊಂಡು, ನಾನು ಹುಟ್ಟಿದ ರಾಯಲ್ಪಾಡಿನ ಸುತ್ತಲ ಊರುಗಳಿಗೆಲ್ಲ ಸೇರಿದ ಹಳೆಯ ಚರ್ಚಿಗೆ ಯಜಮಾನರ ಜೊತೆ ಹೋದೆ. ಅಪ್ಪ ಆ ಕಾಲದಲ್ಲಿ ರಾಯಲ್ಪಾಡಿನ ಒಂದು ಮಾವಿನ ತೋಪಿನಲ್ಲಿ ಕಾವಲಿಗಿದ್ದರು. ನನಗೆ ತಿಂಗಳು ತುಂಬುವ ಮೊದಲೇ ಸಂಸಾರವನ್ನು ಕಟ್ಟಿಕೊಂಡು ಮಾಲೂರಿನ ಇಟ್ಟಿಗೆ ಗೂಡಿನ ಕೆಲಸಕ್ಕೆ ಬಂದುಬಿಟ್ಟರು. ಚರ್ಚಿನ ಗುಮಾಸ್ತರು ದಪ್ಪ ಪುಸ್ತಕ ಬಿಚ್ಚಿ ಬೆರಳಾಡಿಸಿದರು. ನನಗಿಂತ ಎರಡು ವರ್ಷ ದೊಡ್ಡವನಾದ ಅಣ್ಣನ ಹೆಸರು ಸಿಕ್ಕಿತು. ನಾನು ಹುಟ್ಟಿದ ವರ್ಷದ ಹಾಳೆಗಳನ್ನು ಹಿಂದೆಮುಂದೆ ಮೂರು ಸಲ ತಿರುವಿಹಾಕಿದರು.

"ಇಲ್ಲಮ್ಮಾ, ನಿಮ್ ಹೆಸರಿಲ್ಲ" ಎಂದರು. ಮಾಲೂರಿನ ಪುಸ್ತಕದಲ್ಲೂ ಇರಲಿಲ್ಲ. ರಾಯಲ್ಪಾಡಿನಲ್ಲಿ ಆಗಿರುತ್ತದೆಂದು ಮಾಲೂರಿನವರು ಅಂದುಕೊಂಡಿದ್ದರು. ನಮ್ಮ ಕಾಲದ ಫಾದರುಗಳು ಕಾಗದ ನೋಡುತ್ತಿರಲಿಲ್ಲ, ತಾಯಿಯ ಮುಖ ನೋಡುತ್ತಿದ್ದರು. ಪೂಜೆಯಲ್ಲಿ ಫಾದರ್ ಕೊಡುವ ಪವಿತ್ರ ರೊಟ್ಟಿಯಾದ ಪರಮಪ್ರಸಾದವನ್ನು ಮೊದಲ ಸಲ ಪಡೆಯುವಾಗಲೂ ಮದುವೆಯಲ್ಲೂ ಅಮ್ಮನ ಮುಖವೇ ನನ್ನ ಪ್ರಮಾಣಪತ್ರವಾಗಿತ್ತು. ಈಗ ಆ ಮುಖವೂ ಇಲ್ಲ.

ಬಸ್ಸಿನಲ್ಲಿ ಯಜಮಾನರು ಟಿಕೆಟ್ಟನ್ನು ಮಡಿಸಿ ಬಿಡಿಸಿ ಮಾಡುತ್ತ ಕೂತಿದ್ದರು. ರೈಲ್ವೆ ಗೇಟು ಕಾದು ನಿವೃತ್ತರಾದವರು, ಕಾಯುವುದು ಅವರಿಗೆ ಕಷ್ಟವಲ್ಲ. ಆಮೇಲೆ ಮೆಲ್ಲಗೆ ಕೇಳಿದರು. "ಅಲ್ವೇ, ಹಂಗಾದ್ರೆ ನಮ್ ಮದುವೆ ಆಗೈತೋ ಇಲ್ವೋ?"

"ಬಿಟ್ಟು ಹೋಗೋ ಯೋಚನೆ ಏನಾದ್ರೂ ಇದ್ಯಾ?" ಎಂದೆ.

"ಈ ವಯಸ್ಸಲ್ಲಿ ಎಲ್ಲಿಗೆ ಹೋಗ್ಲಿ" ಎಂದು ಅವರು ಕಿಟಕಿಯ ಕಡೆ ತಿರುಗಿ ನಕ್ಕರು. ನನಗೆ ನಗು ಬರಲಿಲ್ಲ.

ಆ ಭಾನುವಾರ ಪೂಜೆಯಲ್ಲಿ ಯಾವಾಗಲೂ ಕೂರುವ ಮುಂದಿನ ಬೆಂಚು ಬಿಟ್ಟು ಬಾಗಿಲ ಬಳಿ ಕೂತೆ. ಪರಮಪ್ರಸಾದಕ್ಕೆ ಎದ್ದು ಹೋಗಲಿಲ್ಲ. ಜ್ಞಾನಸ್ನಾನವಾಗದವರು ಅದನ್ನು ಪಡೆಯುವಂತಿಲ್ಲ ಎಂದು ನಾನೇ ಕಲಿಸಿದ ಪಾಠ ನನ್ನನ್ನೇ ಹಿಡಿದು ಕೂರಿಸಿತ್ತು. ನನ್ನ ಹಳೆಯ ಶಿಷ್ಯರು ಸಾಲಿನಲ್ಲಿ ಹೋಗುತ್ತ ತಿರುಗಿ ತಿರುಗಿ ನೋಡಿದರು. ಟೀಚರ್ ಅಂಥದ್ದೇನು ಪಾಪ ಮಾಡಿರಬಹುದು ಎಂದು ಲೆಕ್ಕಹಾಕಿರಬೇಕು. ನಿಜ ಹೇಳಬೇಕೆಂದರೆ ಆಗ ನನ್ನನ್ನು ಹೆದರಿಸಿದ್ದು ನರಕವಲ್ಲ, ಈ ಮಕ್ಕಳ ಮುಂದೆ ಜ್ಞಾನಸ್ನಾನದ ಬಟ್ಟಲಿಗೆ ತಲೆಯೊಡ್ಡಿ ನಿಲ್ಲಬೇಕಾದೀತಲ್ಲ ಎಂಬ ನಾಚಿಕೆ. ನರಕಕ್ಕಿಂತ ನಾಚಿಕೆಗೆ ಹೆದರುವವಳು ರಕ್ಷಣೆಯ ಪಾಠ ಮಾಡುತ್ತಿದ್ದಳೆಂಬುದು ಇನ್ನೊಂದು ನಾಚಿಕೆ.

ಸುದ್ದಿ ಎದುರುಮನೆಗೂ ಮುಟ್ಟಿತು. ಅಲ್ಲಿಯ ಸಲೋಮಿ ಪೆಂತೆಕೊಸ್ತ್ ಸಭೆಯವಳು. ಖುಷಿಯಿಂದಲೇ ಓಡಿಬಂದಳು.

"ಅಕ್ಕಾ, ಒಳ್ಳೇದೇ ಆಯ್ತು ಬಿಡಿ! ಕೂಸಿನ ತಲೆ ಮೇಲೆ ಎರಡು ಹನಿ ಹಾಕಿದ್ರೆ ಅದೂ ಒಂದು ಸ್ನಾನಾನಾ? ಬುದ್ಧಿ ಬಂದ್ಮೇಲೆ ನಾವೇ ಬಾಯ್ಬಿಟ್ಟು ಒಪ್ಕೋಬೇಕು, ಪೂರ್ತಿ ಮುಳುಗ್ಬೇಕು. ನಮ್ ಪಾಸ್ಟರಿಗೆ ಹೇಳ್ತೀನಿ, ಕೆರೆಗೆ ಬಂದ್ಬಿಡಿ."

"ನಂಗೆ ಮಂಡಿನೋವು ಕಣೇ, ಕೆರೆಗೆ ಇಳಿಯೋಕಾಗಲ್ಲ."

"ನಾಲ್ಕು ಜನ ಹಿಡ್ಕೋತೀವಿ!"

ಅವಳನ್ನು ನಗಿಸಿ ಕಳಿಸಿದೆನಾದರೂ ಅವಳ ಮಾತು ತಲೆಯಲ್ಲಿ ಉಳಿಯಿತು. ನಮ್ಮ ಕ್ರೈಸ್ತರಲ್ಲಿ ಈ ವಾದ ಶತಮಾನಗಳಿಂದ ನಡೆದಿದೆ. ವಿಶ್ವಾಸವೊಂದೇ ಸಾಕು, ಒಳ್ಳೆಯ ನಡತೆ ಅದರ ಹಿಂದೆ ತಾನಾಗಿ ಬರುತ್ತದೆ ಎನ್ನುವವರು ಒಂದು ಕಡೆ. ವಿಶ್ವಾಸವಿದೆಯೆಂದು ಬಾಯಲ್ಲಿ ಹೇಳಿ ಕೈ ಕಟ್ಟಿ ಕೂತರೆ ಆಗದು ಎನ್ನುವ ನಮ್ಮಂಥವರು ಇನ್ನೊಂದು ಕಡೆ. ಸುರಿದರೆ ಸಾಕೆನ್ನುವವರು, ಮುಳುಗಲೇಬೇಕೆನ್ನುವವರು, ನೀರು ಬರೀ ಗುರುತು ಎನ್ನುವವರು. ಇಷ್ಟರ ನಡುವೆಯೂ ಒಂದು ಮಾತಿಗೆ ಎಲ್ಲರ ಒಪ್ಪಿಗೆಯಿದೆ: ರಕ್ಷಣೆ ನಾವು ಗಳಿಸಿಕೊಳ್ಳುವುದಲ್ಲ, ದೇವರು ಕೊಡುವುದು. ಈ ಮಾತನ್ನು ನಾನೂ ಪಾಠದಲ್ಲಿ ಹೇಳುತ್ತಿದ್ದೆ. ಆದರೆ ಟಿಕೆಟ್ಟಿನ ಮಾತನ್ನೇ ಹೆಚ್ಚು ಜೋರಾಗಿ ಹೇಳುತ್ತಿದ್ದೆ.

ಕೊನೆಗೆ ಸ್ಟೆಲ್ಲಾಳ ಚರ್ಚಿನ ಫಾದರಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಅವರು ಗದರಲಿಲ್ಲ. "ಟೀಚರ್, ಜ್ಞಾನಸ್ನಾನ ಬೇಕೂಂತ ಮನಸಾರೆ ಬಯಸಿ, ಅದು ಸಿಗದೇ ಹೋದವರನ್ನ ದೇವರು ಹೊರಗೆ ನಿಲ್ಲಿಸಲ್ಲ. ಆ ಭಯ ಬಿಡಿ. ನಿಮಗೆ ಆಗಿದ್ಯೋ ಇಲ್ವೋ ಅನ್ನೋ ಅನುಮಾನವೇ ಉಳಿದ್ರೆ, 'ಈಗಾಗಲೇ ಆಗಿಲ್ಲವಾದರೆ' ಅಂತ ಸೇರಿಸಿ ನಾನೇ ಮಾಡ್ತೀನಿ" ಎಂದರು. ಆಯುಷ್ಯವಿಡೀ 'ಆದರೆ' ಎಂದು ಷರತ್ತು ಹಾಕುವ ಪಕ್ಷಾರ್ಥಕವನ್ನು ಪಾಠ ಮಾಡಿದವಳಿಗೆ ಪಕ್ಷಾರ್ಥಕದ ಸ್ನಾನ! ಅವರು ಮುಂದುವರಿದು, "ಅದಕ್ಕೆ ಮೊದಲು, ನೀವು ಹುಟ್ಟಿದಾಗ ಹತ್ತಿರ ಇದ್ದವರು ಯಾರಾದ್ರೂ ಬದುಕಿದ್ರೆ ಕೇಳಿ. ನೋಡಿದವರು ಒಬ್ಬರು ಹೇಳಿದ್ರೂ ಸಾಕು" ಎಂದರು.

ಒಬ್ಬರಿದ್ದರು. ಅಮ್ಮ ಬದುಕಿರುವವರೆಗೂ "ನಿನ್ನನ್ನ ಮೊದಲು ಎತ್ತಿಕೊಂಡಿದ್ದು ಗಂಗುಲಮ್ಮ" ಎನ್ನುತ್ತಿದ್ದಳು. ತೋಪಿನ ಪಕ್ಕದ ಹೊಲದವರ ಸೊಸೆ. ಆಗ ಹೊಸದಾಗಿ ಮದುವೆಯಾಗಿ ಬಂದವರು. ಈಗ ಎಂಬತ್ತು ದಾಟಿದ್ದರೂ ಗಟ್ಟಿಯಾಗಿದ್ದಾರೆಂದು ತಿಳಿಯಿತು.

ನಾವು ಹೋದಾಗ ಗಂಗುಲಮ್ಮ ಜಗಲಿಯ ಮೇಲೆ ಕೂತು ಟೊಮೆಟೊ ಆರಿಸುತ್ತಿದ್ದರು. ಗಟ್ಟಿಯವು ಒಂದು ಕಡೆ, ಮೆತ್ತಗಾದವು ಇನ್ನೊಂದು ಕಡೆ. ಹಣೆಗೆ ಕೈಯಡ್ಡ ಹಿಡಿದು, ಆ ಕಡೆಯ ತೆಲುಗಿನಲ್ಲಿ "ಎವುರಮ್ಮಾ ನುವ್ವು?" ಎಂದು ನಾನು ಯಾರೆಂದು ಕೇಳಿದರು. ಲೂರ್ದಮ್ಮನ ಮಗಳು ಎಂದೆ. ಕೈಯಲ್ಲಿದ್ದ ಹಣ್ಣು ಹಾಗೇ ನಿಂತಿತು.

"ತೋಪಿನ ಲೂರ್ದಮ್ಮನ ಮಗಳಾ? ರಾಮ್ಮಾ, ಬಾ, ಕೂತ್ಕೋ. ಬದುಕಿದ್ದೀಯಲ್ಲ ತಾಯೀ!"

ಬಂದ ವಿಷಯ ಹೇಳಿದೆ. ಜ್ಞಾನಸ್ನಾನ ಎಂಬ ಮಾತು ಕಿವಿಗೆ ಬಿದ್ದದ್ದೇ ಅವರು ಬಾಗಿಲ ಕಡೆ ನೋಡಿದರು. ಒಳಗೆ ಸೊಸೆ ಮಿಕ್ಸಿ ಹಾಕಿಕೊಂಡಿದ್ದಳು. ಅವರ ದನಿ ತಗ್ಗಿತು.

"ಅವತ್ತು ಹುಯ್ಯೋ ಮಳೆ. ನಿಮ್ಮಪ್ಪ ಗಾಡಿ ತರೋಕೆ ಹೋಗಿದ್ದ. ನಿಮ್ಮಮ್ಮ ಕೂಗಿದ್ದು ಕೇಳಿ ನಾನು ಓಡಿದೆ. ಹೋಗೋವಷ್ಟರಲ್ಲಿ ನೀನು ಬಿದ್ದಿದ್ದೆ. ನೇರಳೆಹಣ್ಣಿನಂಗೆ ನೀಲಿ. ಅಳ್ತಾ ಇಲ್ಲ, ಆಡ್ತಾ ಇಲ್ಲ. ನಿಮ್ಮಮ್ಮ ನನ್ ಕೈ ಹಿಡ್ಕಂಡು, 'ಗಂಗುಲೂ, ಕೂಸು ಹೋಗ್ತೈತೆ, ನೀರ್ ಹಾಕು, ನಾನ್ ಹೇಳ್ದಂಗೆ ಹೇಳು' ಅಂದ್ಲು. ನಾನು ಯಾರು, ನಿಮ್ ದೇವ್ರು ಯಾರು? ಆದ್ರೂ ಆ ತಾಯಿ ಮುಖ ನೋಡಿ ಇಲ್ಲ ಅನ್ನೋಕಾಗ್ಲಿಲ್ಲ. ಗಡಿಗೇಲಿದ್ದ ನೀರ್ ತಗಂಡು ಹಾಕ್ದೆ."

ಮಗು ಕಿರುಚಿತಂತೆ. ನೀರು ತಣ್ಣಗಿದ್ದದ್ದಕ್ಕೆ ಕಿರುಚಿದ್ದು ಎಂದು ಗಂಗುಲಮ್ಮನ ಅಭಿಪ್ರಾಯ. ಮೈಲಿಗೆಯ ಮನೆಯಲ್ಲಿ ಬೇರೆ ದೇವರ ಶಾಸ್ತ್ರ ಮಾಡಿದಳೆಂದು ಅತ್ತೆಗೆ ಗೊತ್ತಾದರೆ ಮನೆಯೊಳಗೆ ಸೇರಿಸುವುದಿಲ್ಲವೆಂದು ಹೆದರಿ, ಯಾರಿಗೂ ಹೇಳಬೇಡವೆಂದು ಅವರು ಅಮ್ಮನಿಂದ ಭಾಷೆ ತೆಗೆದುಕೊಂಡಿದ್ದರು. ಅಮ್ಮ ಆ ಭಾಷೆಯನ್ನು ಅಪ್ಪನೆದುರಿಗೂ ಮುರಿಯದೆ, ಸ್ನಾನ ಆಗಿದೆ ಎಂದಷ್ಟೇ ಹೇಳಿರಬೇಕು. ಒಮ್ಮೆ ಆದ ಜ್ಞಾನಸ್ನಾನವನ್ನು ಮತ್ತೆ ಮಾಡುವಂತಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಹಾಗಾಗಿ ಚರ್ಚಿಗೂ ಕರೆದೊಯ್ಯಲಿಲ್ಲ, ಪುಸ್ತಕಕ್ಕೂ ಬರೆಸಲಿಲ್ಲ. ತುಂಬಿದ ನಂಬಿಕೆಯಿಂದ ನನ್ನನ್ನು ಹಾಗೇ ಬೆಳೆಸಿಬಿಟ್ಟಳು.

ನಾನು ಫಾದರಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ. ಅವರು ನಿಧಾನವಾಗಿ ಕೇಳಿದರು.

"ಅವ್ವಾ, ನೀರು ಮಗು ತಲೆ ಮೇಲೆ ಹರೀತಾ?"

"ಹರೀತು ಸಾಮೀ. ಮೂರು ಸಲ ಹಾಕ್ದೆ."

"ಏನು ಹೇಳಿದ್ರಿ, ನೆನಪಿದ್ಯಾ?"

ಗಂಗುಲಮ್ಮ ಕಣ್ಣು ಮುಚ್ಚಿದರು. "ಪಾಪಾ, ನೀಕು ಜ್ಞಾನಸ್ನಾನಂ ಇಸ್ತುನ್ನಾನು, ಪಿತ, ಪುತ್ರ, ಪವಿತ್ರಾತ್ಮ ಪೇರಿಟ." ತಂದೆ, ಮಗ, ಪವಿತ್ರಾತ್ಮರ ಹೆಸರಿನಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆ ಎಂದು ಅಮ್ಮ ಅವರ ತೆಲುಗಿನಲ್ಲೇ ಹೇಳಿಕೊಟ್ಟ ಮಾತು, ಒಂದಕ್ಷರ ತಡವರಿಸಲಿಲ್ಲ. ಕಣ್ಣು ತೆರೆದು ನನ್ನ ಕಡೆ ನೋಡಿ, "ಮರೀಬಾರ್ದು ಅಂತ ಆಗಾಗ ಹೇಳ್ಕೋತಿದ್ದೆ. ತಪ್ಪು ಹೇಳಿದ್ನೇನೋ, ಕೂಸಿಗೆ ಕೇಡಾಯ್ತೇನೋ ಅಂತ ದಿಗಿಲು. ನೀವು ಊರು ಬಿಟ್ರಿ. ಕೇಳೋಕೆ ಯಾರಿದ್ರು?" ಎಂದರು.

ನಾನು ಎರಡು ವಾರ ಹೊತ್ತ ಭಯವನ್ನು ಈ ಹೆಂಗಸು ನನ್ನ ಪರವಾಗಿ ಅರವತ್ತೆರಡು ವರ್ಷ ಹೊತ್ತಿದ್ದರು.

ಫಾದರ್ ಕೊನೆಯ ಪ್ರಶ್ನೆ ಕೇಳಿದರು. "ನೀರು ಹಾಕುವಾಗ ನಿಮ್ಮ ಮನಸ್ಸಲ್ಲಿ ಏನಿತ್ತವ್ವಾ?"

"ಏನಿರ್ತದೆ ಸಾಮೀ? ಆ ತಾಯಿ ಏನು ಬೇಕೂಂತ ಕೇಳಿದ್ಲೋ, ಅದು ಆಗ್ಲಿ ಅಂತಿತ್ತು. ಅಷ್ಟೇ."

ಸಿಗ್ನಲ್ ಹೋಗದಿರಲಿ ಎಂದು ಯಜಮಾನರು ಫೋನನ್ನು ಎತ್ತಿ ಹಿಡಿದರು. ಆಮೇಲೆ ಫಾದರ್ ಹೇಳಿದರು. "ಸಾಕವ್ವಾ. ಅಷ್ಟೇ ಬೇಕಾಗಿದ್ದು. ಜೀವ ಹೋಗೋ ಸಮಯದಲ್ಲಿ ಯಾರು ಬೇಕಾದ್ರೂ, ಯಾವ ಧರ್ಮದವರೇ ಆಗ್ಲಿ, ಈ ನೀರು ಹಾಕಬಹುದು. ಧರ್ಮಸಭೆ ಏನು ಮಾಡುತ್ತೋ ಅದನ್ನ ಮಾಡೋ ಮನಸ್ಸಿದ್ರೆ ಆಯ್ತು. ನೀವು ಮಾಡಿದ್ದು ಸರಿಯಾಗೇ ಇದೆ. ನಾನು ಮಾಡಿದ್ರೂ ಇದಕ್ಕಿಂತ ಹೆಚ್ಚೇನೂ ಆಗ್ತಿರಲಿಲ್ಲ."

ಗಂಗುಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ನಾನೂ ಒರೆಸಿಕೊಂಡೆ. ಯಜಮಾನರು, ಇಬ್ಬರು ಹೆಂಗಸರು ಅಳುವಾಗ ಗಂಡಸಿಗೆ ಏನಾದರೂ ಕೆಲಸ ಬೇಕಲ್ಲ, ಕೂತು ಟೊಮೆಟೊ ಆರಿಸತೊಡಗಿದರು.

ಹೊರಡುವಾಗ ಗಂಗುಲಮ್ಮ ನನ್ನ ಕೈ ಹಿಡಿದು ಕೇಳಿದರು. "ನೀನು ಟೀಚರಂತೆ. ಹೇಳು, ನಿಮ್ ಸ್ವರ್ಗದಾಗ ನನ್ನಂಥೋರಿಗೆ ಜಾಗ ಐತಾ?"

ಯೇಸುವಿನ ಸುವಾರ್ತೆಯ ಪರಿಚಯವಾಗದೆ, ಆದರೂ ತಮ್ಮ ಮನಸ್ಸಾಕ್ಷಿಗೆ ನಿಷ್ಠೆಯಿಂದ ನಡೆದವರಿಗೂ ರಕ್ಷಣೆಯಿರಬಹುದು ಎಂದು ನಮ್ಮ ಧರ್ಮಸಭೆ ಕಲಿಸುತ್ತದೆ. ಆ ಭಾಗವನ್ನು ನಾನು ಗಂಟೆ ಹೊಡೆಯುವ ಹೊತ್ತಿಗೆ ಅವಸರದಲ್ಲಿ ಮುಗಿಸುತ್ತಿದ್ದೆ, ಪರೀಕ್ಷೆಗೆ ಬರುವುದಿಲ್ಲವೆಂದು. ಈಗ ಬಂದಿತ್ತು.

"ಇಲ್ಲ ಅನ್ನೋಕೆ ನಾನ್ಯಾರವ್ವಾ? ಅಲ್ಲಿ ನೀವಿಲ್ಲದಿದ್ರೆ ನಾನು ಯಾವ ಮುಖ ಇಟ್ಕೊಂಡು ಒಳಕ್ಕೆ ಹೋಗ್ಲಿ?" ಎಂದೆ.

ಅವರು ಬೊಚ್ಚುಬಾಯಿ ಬಿಟ್ಟು ನಕ್ಕರು. "ನಮ್ಮತ್ತೆ ಇದ್ರೆ ಮಾತ್ರ ನಾನ್ ಬರಲ್ಲಮ್ಮಾ!"

ಮುಂದಿನ ಭಾನುವಾರ ನಾನು ಮತ್ತೆ ಪರಮಪ್ರಸಾದದ ಸಾಲಿನಲ್ಲಿ ನಿಂತೆ. ಆಮೇಲೆ ಕೋಲಾರದಲ್ಲಿ ಮಗುವಿನ ಜ್ಞಾನಸ್ನಾನ ನಡೆಯಿತು. ಎಲ್ಲರಿಗಿಂತ ಜೋರಾಗಿ ಉತ್ತರ ಹೇಳುವವಳೆಂದು ಹೆಸರಾದ ನಾನು, ಫಾದರ್ "ವಿಶ್ವಾಸಿಸುತ್ತೀರಾ?" ಎಂದಾಗ ಮೆಲ್ಲಗೆ ಹೌದೆಂದೆ. ಇನ್ನೊಬ್ಬರ ಪರವಾಗಿ ಹೇಳುವ ಮಾತಿಗೆ ಎಷ್ಟು ತೂಕವಿರುತ್ತದೆಂದು ಆಗಷ್ಟೇ ತಿಳಿದುಕೊಂಡಿದ್ದೆ. ನೀರು ಹಣೆಯಿಂದ ಇಳಿದು ಕಿವಿಯ ಹಿಂದೆ ಹರಿಯಿತು. ಮಗು ಅಳುತ್ತದೆಂದು ಎಲ್ಲರೂ ಕಾದೆವು. ಅದು ಒಂದು ಸಲ ತುಟಿ ಚಪ್ಪರಿಸಿ, ನನ್ನ ತೋಳಿನ ಮೇಲೆ ತಲೆ ಹೊರಳಿಸಿ ನಿದ್ದೆ ಮುಂದುವರಿಸಿತು. ಸ್ವರ್ಗಕ್ಕೆ ಹೋಗಲು ಏನೇನು ಬೇಕೆಂದು ಅದಕ್ಕೆ ಒಂದೂ ಗೊತ್ತಿರಲಿಲ್ಲ. ಯಾರೋ ಎತ್ತಿಕೊಂಡಿದ್ದಾರೆಂಬುದಷ್ಟು ಗೊತ್ತಿದ್ದಂತಿತ್ತು. ಎಬ್ಬಿಸಲು ಹೋದ ಸ್ಟೆಲ್ಲಾಳನ್ನು ನಾನು ಕಣ್ಣಿನಲ್ಲೇ ತಡೆದೆ.