ಈರಣ್ಣ ಆರಿಸಿದ ಚಾಕು

ಈರಣ್ಣ ಹುಟ್ಟಿದ್ದು ಬೈಲಹೊಂಗಲದ ಹತ್ತಿರ, ಅನ್ನ ಹುಟ್ಟಿದ್ದು ಮರಾಠಿ ನಾಡಿನ ಭೋಸರಿಯಲ್ಲಿ. ಇಪ್ಪತ್ತಾರು ವರ್ಷಗಳಿಂದ ಅಲ್ಲಿಯ ಒಂದು ಕಾರ್ಖಾನೆಯಲ್ಲಿ ಉಕ್ಕಿಗೆ ಹದ ಕೊಡುವ ಕೆಲಸ ಅವನದು. ಕೆಂಪಗೆ ಕಾದ ಗಿಯರ್ ಚಕ್ರಗಳನ್ನು ಭಟ್ಟಿಯಿಂದ ಎಳೆದು ಎಣ್ಣೆಯ ತೊಟ್ಟಿಗೆ ಇಳಿಸಬೇಕು, ತಣಿದ ಮೇಲೆ ಯಂತ್ರದ ಕೆಳಗಿಟ್ಟು ಗಡಸುತನ ಅಳೆಯಬೇಕು. ಗಡಸು ಹೆಚ್ಚಾದರೆ ಉಕ್ಕು ಗಾಜಿನಂತೆ ಒಡೆಯುತ್ತದೆ, ಕಡಿಮೆಯಾದರೆ ಸವೆದುಹೋಗುತ್ತದೆ. ಸಂಶಯ ಬಂದ ತುಂಡನ್ನು ಮೇಲಿನವರು ಎಷ್ಟೇ ಅವಸರ ಮಾಡಲಿ, ಈರಣ್ಣ ಪಕ್ಕಕ್ಕೆ ಎಸೆಯುತ್ತಿದ್ದ. ಅವನು ಪಾಸು ಮಾಡಿದ ಮಾಲು ತಿರುಗಿ ಬಂದದ್ದು ತೀರ ಅಪರೂಪ.

ನಲವತ್ತೆರಡಕ್ಕೆ ಸಕ್ಕರೆ ಕಾಯಿಲೆ ಬಂತು. ನಡೆಯಿರಿ ಎಂದರು ಡಾಕ್ಟರು. ಅದೇ ಕಾರ್ಖಾನೆಯ ಸ್ಟೋರ್ಸಿನಲ್ಲಿದ್ದ ಕಿಶೋರ ಅವನನ್ನು ಭಾನುವಾರ ಭಾನುವಾರ ಸಿಂಹಗಡ ಹತ್ತಿಸತೊಡಗಿದ. ಗುಡ್ಡಗಳಲ್ಲಿ ಬಿದ್ದವರನ್ನು, ದಾರಿ ತಪ್ಪಿದವರನ್ನು ಹುಡುಕಿ ತರುವ ಸ್ವಯಂಸೇವಕರ ತಂಡವೊಂದಿತ್ತು. ಕಿಶೋರ ಅದರ ಮುಂದಾಳು. ಎರಡು ವರ್ಷದಲ್ಲಿ ಈರಣ್ಣನೂ ಆ ತಂಡ ಸೇರಿದ. ಮಳೆಗಾಲ ಬಂತೆಂದರೆ ಊರಿನ ಹುಡುಗರೆಲ್ಲ ಕೋಟೆ, ಜಲಪಾತ ಎಂದು ಹೊರಡುತ್ತಾರೆ. ತಂಡದವರು ಮೇಲಕ್ಕೆ ಹೊತ್ತು ತಂದವರಲ್ಲಿ ಉಸಿರಾಡುತ್ತಿದ್ದವರು ಕಡಿಮೆ.

ಈರಣ್ಣನ ಜೇಬಿನಲ್ಲಿ ಒಂದು ಮಡಚುವ ಚಾಕು ಇರುತ್ತಿತ್ತು. ಹೆದ್ದಾರಿ ಬದಿಯ ಅಂಗಡಿಯಲ್ಲಿ ಚಹಾ ಕುಡಿಯುತ್ತ ಕೊಂಡದ್ದು. ಹಗ್ಗ ಕೊಯ್ಯಲು, ಪೇರಲಹಣ್ಣು ಹೆಚ್ಚಲು ಅದು ಸಾಕಾಗಿತ್ತು. ದಿನಕ್ಕೆ ಇನ್ನೂರು ತುಂಡು ಉಕ್ಕು ಪರೀಕ್ಷಿಸುವ ಮನುಷ್ಯ ತನ್ನ ಜೇಬಿನ ಉಕ್ಕನ್ನು ಒಂದು ದಿನವೂ ಪರೀಕ್ಷಿಸಿರಲಿಲ್ಲ.

ಹೋದ ವರ್ಷ ಜುಲೈಯ ಒಂದು ಶನಿವಾರ ಬೆಳಗ್ಗೆ ಭೋರ್ ಆಚೆಯ ಘಾಟಿನಿಂದ ಕರೆ ಬಂತು. ಗೆಳೆಯರ ಜೊತೆ ಬಂದಿದ್ದ ಸಾತ್ವಿಕ ಎಂಬ ಇಪ್ಪತ್ತಮೂರು ವರ್ಷದ ಹುಡುಗ ಕಾಲು ಜಾರಿ ಕಮರಿಗೆ ಬಿದ್ದಿದ್ದ. ಮೊದಲ ಜೀಪಿನಲ್ಲಿ ಹೋದವರು ಐದು ಜನ: ಕಿಶೋರ, ಈರಣ್ಣ, ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದ ರಂಜನಾ, ಮತ್ತಿಬ್ಬರು. ಸ್ಟ್ರೆಚರ್ ಹಿಂದಿನ ಜೀಪಿನಲ್ಲಿತ್ತು. ಆ ಜೀಪಿನ ಮುಂದೆಯೇ ಗುಡ್ಡ ಕುಸಿದು ರಸ್ತೆ ಮುಚ್ಚಿಹೋಯಿತು.

ಹಗ್ಗ ಹಿಡಿದು ಇಳಿದಾಗ ಹನ್ನೊಂದು ಗಂಟೆ. ಹುಡುಗ ಬದುಕಿದ್ದ. ಸೊಂಟದ ಕೆಳಗೆ ಅಲುಗಾಡಿಸಲಾಗುತ್ತಿರಲಿಲ್ಲ, ಆದರೆ ಮಾತಾಡುತ್ತಿದ್ದ. ರಂಜನಾ ಅವನ ಹೊಟ್ಟೆ ಮುಟ್ಟಿ ನೋಡಿ, ಪಕ್ಕಕ್ಕೆ ಬಂದು ಮರಾಠಿಯಲ್ಲಿ ಮೆಲ್ಲಗೆ ಹೇಳಿದಳು: "ಹೊಟ್ಟೆ ಗಟ್ಟಿಯಾಗುತ್ತಿದೆ. ಒಳಗೆ ರಕ್ತ ಸೋರುತ್ತಿರಬೇಕು. ಸ್ಟ್ರೆಚರಿಗೆ ಕಾಯುವ ಹಾಗಿಲ್ಲ."

ಹತ್ತು ಹೆಜ್ಜೆ ಆಚೆ ಒಂದು ಬಿದಿರುಮೆಳೆ ಇತ್ತು. ಎರಡು ಗಳ ಕಡಿದು, ತಾಡಪತ್ರಿ ಸುತ್ತಿ ಹಗ್ಗ ಬಿಗಿದರೆ ಹೊರಲು ಆಗುತ್ತದೆ. ಈರಣ್ಣ ಚಾಕು ತೆಗೆದ. ಮಣಿಕಟ್ಟಿನಷ್ಟು ದಪ್ಪದ ಬಿದಿರಿಗೆ ಅಲಗನ್ನು ಆನಿಸಿ, ಬಲಗೈಯಲ್ಲಿ ಚಾಕು ಹಿಡಿದು, ಎಡಗೈಯ ಕಲ್ಲಿನಿಂದ ಅಲಗಿನ ಬೆನ್ನಿಗೆ ಹೊಡೆದ. ನಾಲ್ಕನೆಯ ಏಟಿಗೆ ಚಾಕುವಿನ ಕೀಲು ಬಿಟ್ಟುಕೊಂಡಿತು. ಅಲಗು ಮಡಚಿ ಅವನ ಬೆರಳುಗಳ ಮೇಲೆಯೇ ಕೂತಿತು.

"ಯವ್ವಾ, ಸತ್ನೆಪಾ!" ಎಂದು ಕೂಗಿದ ಈರಣ್ಣ.

ಮಲಗಿದ್ದ ಹುಡುಗ ಕತ್ತು ಹೊರಳಿಸಿದ. "ಕನ್ನಡದವ್ರೇನ್ರಿ, ಕಾಕಾ?"

"ಹೌದಪಾ. ಬೈಲಹೊಂಗಲ."

"ನಮ್ಮಮ್ಮನ ತವರಮನಿ ಧಾರವಾಡ್ರಿ." ಸ್ವಲ್ಪ ಉಸಿರು ತೆಗೆದುಕೊಂಡು ಮತ್ತೆ ಹೇಳಿದ, "ನಿಮ್ಮ ಕೈಯಾಗ ರಕ್ತ ಭಾಳ ಬರಾಕತ್ತೇದ್ರಿ."

ರಂಜನಾ ಹುಡುಗನನ್ನು ಬಿಟ್ಟು ಈರಣ್ಣನ ಕೈ ಕಟ್ಟಬೇಕಾಯಿತು. ಉಳಿದವರ ಹತ್ತಿರ ಇದ್ದದ್ದು ಊಟದ ಚೀಲದ ತರಕಾರಿ ಚಾಕು ಒಂದೇ. ಸರದಿಯ ಮೇಲೆ ಗರಗಸದಂತೆ ಎಳೆದರು. ಎರಡು ಗಳ ನೆಲಕ್ಕೆ ಬೀಳುವ ಹೊತ್ತಿಗೆ ಒಂದೂವರೆ ತಾಸು ಕಳೆದಿತ್ತು. ಹೊತ್ತು ಮೇಲೇರುವಾಗ ಈರಣ್ಣ ಕಟ್ಟಿದ ಕೈಯನ್ನು ಎದೆಗೊತ್ತಿಕೊಂಡು ಹುಡುಗನ ತಲೆಯ ಪಕ್ಕ ನಡೆದ.

"ಇನ್ನ ಎಷ್ಟ ದೂರ್ರಿ, ಕಾಕಾ?"

"ಬಂತಪಾ. ಅಲ್ಲೇ ರಸ್ತೆ ಕಾಣಾಕತ್ತೇದ ನೋಡು."

ರಸ್ತೆ ನಿಜಕ್ಕೂ ಕಾಣುತ್ತಿತ್ತು. ಹುಡುಗ ನೋಡಲಿಲ್ಲ. ನಲವತ್ತು ಹೆಜ್ಜೆ ಉಳಿದಿದ್ದಾಗ ರಂಜನಾ "ಇಳಿಸಿ" ಎಂದಳು. ಇಳಿಸಿ, ಎದೆ ಒತ್ತಿ, ಇಪ್ಪತ್ತು ನಿಮಿಷದ ಮೇಲೆ ಕೈಬಿಟ್ಟಳು.

ಈರಣ್ಣನ ಎರಡು ಬೆರಳುಗಳ ನರ ಕಡಿದಿತ್ತು. ಹೊಲಿಗೆ ಹಾಕಿದರು. ಎರಡು ತಿಂಗಳು ಮನೆಯಲ್ಲೇ ಕೂತ. ನಡುಬೆರಳು, ಉಂಗುರ ಬೆರಳು ಅರ್ಧಕ್ಕಿಂತ ಹೆಚ್ಚು ಮಡಚುವುದಿಲ್ಲ ಎಂದಾಯಿತು. ಅನ್ನ ಕಲಸುವಾಗ ಅಗುಳು ಆ ಸಂದಿಯಿಂದ ಜಾರಿ ಬೀಳುತ್ತಿತ್ತು. ಹೆಂಡತಿ ಗೌರಾಬಾಯಿ ಅದನ್ನು ನೋಡಿ ನೋಡಿ ಒಂದು ದಿನ ಹೇಳಿದಳು, "ಇನ್ನ ಆ ಗುಡ್ಡದ ಸಾವಾಸ ಸಾಕ್ರಿ."

"ಒಂದ ಛಲೋ ಚಾಕು ತರಬೇಕು," ಎಂದ ಈರಣ್ಣ.

ಸೆಪ್ಟೆಂಬರಿನಲ್ಲಿ, ಕೈಚೀಲದಲ್ಲಿ ಉಕ್ಕು ಉಜ್ಜುವ ಒಂದು ಅರ ಮತ್ತು ಎರಡು ಮೊಳದ ಬಿದಿರು ಹಾಕಿಕೊಂಡು, ರವಿವಾರ ಪೇಟೆ ಎಂಬ ಹಳೆಯ ಬಜಾರಿಗೆ ಹೋದ. ಎರಡು ಅಂಗಡಿಯಲ್ಲಿ ಬಿದಿರಿನ ತುಂಡು ನೋಡಿಯೇ ನಕ್ಕು ಕಳಿಸಿದರು. ಮೂರನೆಯದು ಬಿಂದುಮಾಧವ ಎಂಬವರ ಹಳೆಯ ಅಂಗಡಿ; ಬಡಗಿ, ಮಾಲಿ, ಕಟುಕ ಎಲ್ಲರಿಗೂ ಹತ್ಯಾರು ಮಾರುವವರು. ಮರಾಠಿಯಲ್ಲಿ ಆಧಾರ್ ಕಾರ್ಡ್ ಕೇಳಿದವರು, ಅದನ್ನು ಓದಿ ಕನ್ನಡಕ್ಕೆ ತಿರುಗಿದರು.

"ಈರಣ್ಣ! ಬೆಳಗಾವಿ ಕಡೆಯವ್ರೇನ್ರಿ? ತಪ್ಪ ತಿಳೀಬ್ಯಾಡ್ರಿ. ಹುಡುಗ್ರು ಕಬ್ಬು ಕಡಿಯೋ ಕೊಯ್ತಾ ಹಿಡಕೊಂಡು ಓಣ್ಯಾಗ ಮಂದಿನ್ನ ಕಡ್ಯಾಕತ್ತಿದ ಮ್ಯಾಲೆ, ಹೆಸರ ಬರಕೊಳ್ದ ದೊಡ್ಡ ಚಾಕು ಯಾರಿಗೂ ಕೊಡಂಗಿಲ್ಲ ನಾನು."

"ಬರಕೋರಿ," ಎಂದ ಈರಣ್ಣ.

ಬಿಂದುಮಾಧವರು ಮೊದಲು ತೆಗೆದದ್ದು ಅಂಗಡಿಯ ಶೋಭೆಯ ಚಾಕು. ಹಿಡಿಯ ತುದಿಯಲ್ಲಿ ದಿಕ್ಸೂಚಿ, ಒಳಗೆ ಬೆಂಕಿಪೊಟ್ಟಣ ಇಡುವ ಜಾಗ. ಈರಣ್ಣ ಹಿಡಿಯನ್ನು ಉಗುರಿನಿಂದ ಬಡಿದ. "ಟೊಳ್ಳದ್ರಿ. ಅಲಗು ಇಲ್ಲೇ ಬುಡದಾಗ ನಿಂತದ. ಎರಡ ಏಟಿಗೆ ಮುರೀತದ." ಎರಡನೆಯದರ ಬೆನ್ನಿಗೆ ಗರಗಸದ ಹಲ್ಲು. "ಇದರ ಬೆನ್ನಿಗೆ ಕಟಿಗೀಲೆ ಹೊಡದ್ರ ಹಲ್ಲು ಕಟಿಗೀನ್ನ ತಿಂತಾವು, ಕೆಲಸ ಆಗಂಗಿಲ್ಲ." ಆಮೇಲೆ ಹನ್ನೆರಡು ಇಂಚಿನದೊಂದು ಬಂತು, ಕೊಯ್ತಾದಷ್ಟೇ ಭಾರ. ಈರಣ್ಣ ಅದನ್ನು ಎಡಗೈಯಲ್ಲಿ ತೂಗಿ ನೋಡಿ ಕೆಳಗಿಟ್ಟ.

"ಬಯಲಾಗ ಇದು ಛಲೋನ. ಆದ್ರ ಒಂದ ಕೈಯಾಗ ಹಗ್ಗ ಹಿಡಕೊಂಡು ಇದನ್ನ ಬೀಸಾಕ ಹೋದ್ರ ನನ್ನ ಮೊಣಕಾಲ ನಾನ ಕಡಕೋತೀನ್ರಿ."

"ಹಂಗಾದ್ರ ಸಣ್ಣದು ನೋಡ್ರಿ," ಎಂದು ಐದು ಇಂಚಿನದು ಕೊಟ್ಟರು. ಉಕ್ಕು ಚೆನ್ನಾಗಿತ್ತು. ಈರಣ್ಣ ತನ್ನ ಬಿದಿರನ್ನು ಅದರ ಮೇಲೆ ಅಡ್ಡ ಇಟ್ಟು ತೋರಿಸಿದ. ಬಿದಿರಿನ ದಪ್ಪವೇ ಎರಡೂವರೆ ಇಂಚು. ಅಲಗು ಬಿದಿರಿನೊಳಗೆ ಇಳಿದ ಮೇಲೂ ಆಚೆ ಬದಿಗೆ ನಾಲ್ಕು ಬೆರಳು ಹೊರಗೆ ಉಳಿಯಬೇಕು, ಇಲ್ಲದಿದ್ದರೆ ಹೊಡೆಯುವುದು ಎಲ್ಲಿಗೆ?

ಬಿಂದುಮಾಧವರಿಗೆ ಈಗ ಆಸಕ್ತಿ ಹುಟ್ಟಿತ್ತು. ಒಳಗೆ ಹೋಗಿ ಬಟ್ಟೆಯಲ್ಲಿ ಸುತ್ತಿದ್ದ ಒಂದು ಚಾಕು ತಂದರು. ಎಂಟು ಇಂಚಿನ ಕಪ್ಪು ಅಲಗು, ಬೆನ್ನು ಐದು ಮಿಲಿಮೀಟರು ದಪ್ಪ. ಹೊಳಪಿಲ್ಲ, ಹಲ್ಲಿಲ್ಲ. ಅಲಗಿನ ಉಕ್ಕೇ ಹಿಡಿಯ ತುದಿಯವರೆಗೂ ಒಂದೇ ತುಂಡಾಗಿ ಹೋಗಿತ್ತು. ಎರಡೂ ಬದಿಗೆ ಶೀಸಂ ಕಟ್ಟಿಗೆ ಕೂಡಿಸಿ ಮೂರು ರಿವೆಟು ಬಡಿದಿದ್ದರು. ಈರಣ್ಣ ಅರ ತೆಗೆದು ಅಂಚಿಗೆ ಎಳೆದ.

"ಏ, ಹೊಸಾ ಮಾಲಿಗೆ ಅರ ಹಚ್ಚತೀರೇನ್ರಿ!"

ಅರ ಗಾಜಿನ ಮೇಲೆ ಜಾರಿದಂತೆ ಜಾರಲಿಲ್ಲ, ಕಚ್ಚಿಯೂ ಹಿಡಿಯಲಿಲ್ಲ. ಸಣ್ಣಗೆ ತಡೆದು ಮುಂದೆ ಹೋಯಿತು. ಹದ ಸರಿಯಾಗಿದೆ ಎಂದು ಅವನ ಕೈಗೆ ಗೊತ್ತಾಯಿತು. ತುದಿಯನ್ನು ಹಲಗೆಗೆ ಚುಚ್ಚಿ ಬಗ್ಗಿಸಿದ. ಬಿಟ್ಟ ಕೂಡಲೇ ನೆಟ್ಟಗಾಯಿತು. ಅಂಗಡಿಯ ಹಿಂದಿನ ಅಂಗಳಕ್ಕೆ ಹೋಗಿ ಬಿದಿರನ್ನೂ ಕಡಿದು ನೋಡಿದರು. ಬಿಂದುಮಾಧವರು ಚಾಕು ಹಿಡಿದರು, ಈರಣ್ಣ ಎಡಗೈಯಿಂದ ಕೊಡತಿ ಬೀಸಿದ. ಐದನೆಯ ಏಟಿಗೆ ಬಿದಿರು ಎರಡು ತುಂಡಾಯಿತು.

"ಯಾತಕ್ಕಂತ ಬರೀಲ್ರಿ?" ಎಂದು ವಹಿ ತೆರೆದು ಕೇಳಿದರು.

"ಬಿದಿರು ಕಡ್ಯಾಕ."

ಅಕ್ಟೋಬರಿನಲ್ಲಿ ಸಾತ್ವಿಕನ ತಾಯಿ ನೀಲಿಮಾ ಈರಣ್ಣನ ಮನೆಗೆ ಬಂದರು. ಕೊಥ್ರೂಡದಿಂದ ಚಿಂಚವಾಡಕ್ಕೆ ಒಬ್ಬರೇ ಬಂದಿದ್ದರು. ಕೊನೆಯ ಹೊತ್ತಿನಲ್ಲಿ ಮಗ ಯಾರೊಂದಿಗೋ ಕನ್ನಡ ಮಾತಾಡಿದ ಎಂದು ರಂಜನಾ ಅವರಿಗೆ ಹೇಳಿದ್ದಳಂತೆ.

"ಅಂವ ಏನೇನಂದಾ, ಒಂದೂ ಬಿಡದ ಹೇಳ್ರಿ," ಎಂದರು.

ಈರಣ್ಣ ಹೇಳಿದ. ಧಾರವಾಡದ ಮಾತು ಬಂದಾಗ ಅವರು ಸೆರಗನ್ನು ಬಾಯಿಗೊತ್ತಿಕೊಂಡರು.

"ನೋವು ಭಾಳಿತ್ತೇನ್ರಿ?"

"ಇತ್ರಿ."

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತ ಗೌರಾಬಾಯಿ ಬೇಡ ಎಂದು ತಲೆ ಅಲ್ಲಾಡಿಸುತ್ತಿದ್ದಳು. ಆದರೆ ಈರಣ್ಣ ಉಳಿದದ್ದನ್ನೂ ಹೇಳಿದ. ಮಡಚುವ ಚಾಕು, ಕಲ್ಲು, ನಾಲ್ಕನೆಯ ಏಟು, ತರಕಾರಿ ಚಾಕು. ನೀಲಿಮಾ ಅವನ ಬಲಗೈ ನೋಡಿದರು.

"ಎಷ್ಟು ಹೊತ್ತು ಹೋತ್ರಿ ಅದರಾಗ?"

"ಒಂದೂವರೆ ತಾಸು."

"ಈಗ ಬ್ಯಾರೆ ತಂದೀರೇನು? ತೋರಸ್ರಿ."

ಈರಣ್ಣ ಕಪಾಟಿನಿಂದ ತಂದು, ಒರೆಯಿಂದ ತೆಗೆದು, ಹಿಡಿಯನ್ನು ಅವರ ಕಡೆಗೆ ಮಾಡಿ ಕೊಟ್ಟ. ಅವರು ಎರಡೂ ಕೈಯಲ್ಲಿ ಹಿಡಿದು ನೋಡಿದರು.

"ಆವತ್ತ ಇದು ಇದ್ದಿದ್ರ?"

"ಕಾಲ ತಾಸಿನ ಕೆಲಸ್ರಿ."

ಹೊರಗೆ ಕೊಳಾಯಿಗೆ ನೀರು ಬಂದು ಹೆಂಗಸರು ಕೊಡ ಎಳೆದಾಡುತ್ತಿದ್ದರು. ಆ ಸದ್ದು ಸ್ವಲ್ಪ ತಗ್ಗಿದ ಮೇಲೆ ನೀಲಿಮಾ ಚಾಕುವನ್ನು ಟೀಪಾಯಿಯ ಮೇಲಿನ ಪೇಪರಿನ ಮೇಲೆ ಇಟ್ಟರು. "ಡಾಕ್ಟರನ್ನ ಕೇಳಿದ್ದೆ. ಒಂದ ತಾಸು ಮೊದಲ ತಂದಿದ್ರ ಉಳೀತಿದ್ನೇನು ಅಂತ. ಹೇಳಾಕ ಬರಂಗಿಲ್ಲ ಅಂದ್ರು." ಎದ್ದು ನಿಂತರು. "ನೀವು ಸುಳ್ಳ ಹೇಳಬಹುದಿತ್ತು."

"ಹೌದ್ರಿ."

"ಹೇಳಬೇಕಿತ್ತು," ಎಂದರು. ಚಹಾ ಮುಟ್ಟದೆ ಹೊರಟುಹೋದರು. ಮತ್ತೆ ಬರಲಿಲ್ಲ, ಫೋನೂ ಮಾಡಲಿಲ್ಲ. ತಾನು ಹೇಳಿದ್ದು ಅವರಿಗಾಗಿಯೋ, ತನ್ನ ಎದೆಯ ಭಾರ ಇಳಿಸಿಕೊಳ್ಳಲೋ ಎಂದು ಈರಣ್ಣ ಬಹಳ ದಿನ ಯೋಚಿಸಿದ. ಯೋಚಿಸಿದಷ್ಟೂ ಎರಡನೆಯದೇ ನಿಜವೆನಿಸುತ್ತಿತ್ತು.

ಈ ವರ್ಷ ಮೇ ತಿಂಗಳಲ್ಲಿ, ಮಳೆಗೆ ಮುಂಚೆ, ತಂಡ ಭೋರ್ ಹತ್ತಿರ ತಾಲೀಮಿಗೆ ಹೋಯಿತು. ಈರಣ್ಣ ಹೊಸ ಚಾಕು ಹಿಡಿದು ಬಿದಿರಿಗೆ ಓರೆಯಾಗಿ ಬೀಸಿದ. ಮೊದಲ ಏಟು ಆಳಕ್ಕೆ ಇಳಿಯಿತು. ಎರಡನೆಯದು ಗಿಣ್ಣಿಗೆ ತಾಗಿತು. ಮಡಚದ ಬೆರಳುಗಳ ಸಂದಿಯಿಂದ ಹಿಡಿ ನುಣುಚಿಕೊಂಡಿತು. ಚಾಕು ತಿರುತಿರುಗುತ್ತ ಹಾರಿ ರಂಜನಾಳ ಕಾಲಿನ ಪಕ್ಕ, ಒಂದು ಗೇಣಿನ ಆಚೆ, ಮಣ್ಣಿಗೆ ನೆಟ್ಟಿತು.

ಅಂಗಡಿಯಲ್ಲಿ ಈರಣ್ಣ ಉದ್ದ, ದಪ್ಪ, ಹದ ಎಲ್ಲ ನೋಡಿದ್ದ. ತನ್ನ ಕೈಯೊಂದನ್ನು ನೋಡಿರಲಿಲ್ಲ. ಹೋಗಿ ಚಾಕು ಕಿತ್ತು, ಅಂಗಿಯ ಚುಂಗಿನಿಂದ ಮಣ್ಣೊರೆಸಿ, ಒರೆಗೆ ಸೇರಿಸಿ, ಸೊಂಟದ ಪಟ್ಟಿಯ ಸಮೇತ ರಂಜನಾಳ ಕೈಗೆ ಕೊಟ್ಟ. "ನೀನೇ ಇಟ್ಟುಕೋ ಮಗಳೇ. ವಾರಕ್ಕೊಮ್ಮೆ ಎಣ್ಣೆ ಹಚ್ಚು, ತುಕ್ಕು ಹಿಡಿಯುವ ಉಕ್ಕು ಅದು," ಎಂದ ಮರಾಠಿಯಲ್ಲಿ.

ಅಂದಿನಿಂದ ಅವನನ್ನು ಕೆಳಗೆ ಇಳಿಸುವುದು ಬೇಡ ಎಂದು ಕಿಶೋರ ತೀರ್ಮಾನಿಸಿದ. ಹೊರಡುವ ಮುಂಚೆ ಎಲ್ಲರ ಹತ್ಯಾರು ಪರೀಕ್ಷಿಸುವುದು ಈರಣ್ಣನ ಕೆಲಸವಾಯಿತು. ಮಡಚುವ ಚಾಕು ತಂದವರನ್ನು ಜೀಪು ಹತ್ತಲು ಬಿಡುತ್ತಿರಲಿಲ್ಲ. ಆಮೇಲೆ ರಸ್ತೆಯ ಮೇಲೆ ವಾಕಿಟಾಕಿ ಹಿಡಿದು ನಿಲ್ಲುವುದು, ಮನೆಯವರು ಬಂದರೆ ಅವರ ಜೊತೆ ಇರುವುದು.

ಜೂನ್ ಕೊನೆಗೆ ಮೊದಲ ಕರೆ ಬಂತು. ಇಂದಾಪುರದ ಕಡೆಯ ಇಬ್ಬರು ಅಣ್ಣತಮ್ಮಂದಿರು. ಫೋಟೊ ತೆಗೆಯಲು ಹೋಗಿ ಅಣ್ಣ ಜಾರಿದ್ದ. ತಮ್ಮ ರಸ್ತೆ ಬದಿಯ ಕಟ್ಟೆಯ ಮೇಲೆ ಒದ್ದೆ ಬಟ್ಟೆಯಲ್ಲಿ ಕೂತಿದ್ದ. ಸ್ಟ್ರೆಚರಿನ ಜೀಪು ಇನ್ನೂ ಹಿಂದಿತ್ತು; ತಂಡ ಕಾಯದೆ ಮಂಜಿನೊಳಗೆ ಇಳಿಯಿತು. ಅರ್ಧ ತಾಸಿನ ಮೇಲೆ ಕೆಳಗಿನಿಂದ ಬಿದಿರು ಕಡಿಯುವ ಸದ್ದು ಬಂತು. ಈರಣ್ಣ ಗಡಿಯಾರ ನೋಡಿಕೊಂಡ. ಹದಿನಾಲ್ಕು ನಿಮಿಷಕ್ಕೆ ಸದ್ದು ನಿಂತಿತು. ಎರಡು ಗಳ ಆಗಿರಬೇಕು.

ಇನ್ನಷ್ಟು ಕೆಳಗೆ, ಅಣ್ಣ ಬಿದ್ದಲ್ಲಿಗೆ ತಲುಪಿದ ಮೇಲೆ ರಂಜನಾ ವಾಕಿಟಾಕಿಯಲ್ಲಿ ಮಾತಾಡಿದಳು. "ಕಾಕಾ, ಇನ್ನು ಅವಸರವಿಲ್ಲ. ಬಿದ್ದ ಕೂಡಲೇ ಹೋಗಿದ್ದಾನೆ, ಕುತ್ತಿಗೆ ಮುರಿದಿದೆ. ನಿಧಾನವಾಗಿ ತರುತ್ತೇವೆ."

ತಮ್ಮ ಎದ್ದು ನಿಂತಿದ್ದ. ಈರಣ್ಣ ಅವನ ಹತ್ತಿರ ಹೋಗಿ, ಹೆಗಲು ಹಿಡಿದು ಕೂರಿಸಿ, ತಾನೂ ಪಕ್ಕದಲ್ಲಿ ಕೂತ. ರಂಜನಾ ಹೇಳಿದ್ದನ್ನು ಅವಳು ಹೇಳಿದಂತೆಯೇ ಹೇಳಿದ.

"ನಾವು ಬೇಗ ಫೋನ್ ಮಾಡಿದ್ದರೆ ಉಳಿಯುತ್ತಿದ್ದನಾ?" ಎಂದು ಕೇಳಿದ ತಮ್ಮ.

"ಇಲ್ಲಪ್ಪಾ," ಎಂದ ಈರಣ್ಣ. ಅದು ಸತ್ಯವಾಗಿತ್ತು. ಸತ್ಯವಲ್ಲದಿದ್ದರೂ ಅದನ್ನೇ ಹೇಳುತ್ತಿದ್ದನೇನೋ, ಅವನಿಗೇ ತಿಳಿಯಲಿಲ್ಲ. ಹುಡುಗ ಅಳು ಮುಗಿಸುವವರೆಗೆ ಕಾದು, ಅವನ ಫೋನು ತೆಗೆದುಕೊಂಡು, ಮನೆಯಲ್ಲಿ ಮೊದಲು ಯಾರಿಗೆ ಹೇಳಬೇಕು ಎಂದು ಕೇಳಿದ.